ಊಟದ ಮೀನು, ಮಾರುವ ಮೀನು

ಫಿಜಿಯಿಂದ ಬೆಂಗಳೂರಿಗೆ ಮರಳುವಾಗ ದೋಹಾ ವಿಮಾನ ನಿಲ್ದಾಣದ ತಪಾಸಣೆ ಮೇಜಿನ ಬಳಿ ನನ್ನನ್ನು ತಡೆದರು. ಸುತ್ತ ಫುಟ್‌ಬಾಲ್ ವಿಶ್ವಕಪ್ಪಿಗೆ ಬಂದವರ ನೂಕುನುಗ್ಗಲು. ಅಧಿಕಾರಿ ನನ್ನ ರೆಕಾರ್ಡರಿನ ಗುಂಡಿ ಒತ್ತಿದ; ಫಿಜಿಯ ಹಳ್ಳಿಯಲ್ಲಿ ನಾನು ಮಾತಾಡಿಸಿದ್ದ ಅಜ್ಜಿಯ ದನಿ ಕೇಳಿಸಿತು. "ಈ ಮುದುಕಿ ಏನು ಹೇಳ್ತಿದ್ದಾಳೆ, ಮೇಡಂ?"

"ಫಿಜಿ ಭಾಷೆ. ಅದರಲ್ಲಿ 'ನನ್ನ' ಅನ್ನೋದಕ್ಕೆ ಒಂದೇ ರೂಪ ಇಲ್ಲ, ಮೈಯ ಅಂಗಕ್ಕೊಂದು, ತಿನ್ನೋದಕ್ಕೊಂದು, ಮಾರೋದಕ್ಕೊಂದು. ಅದನ್ನೇ ಅಧ್ಯಯನ ಮಾಡ್ತೀನಿ."

ವಿವರಿಸಿದಷ್ಟೂ ಅವನ ಅನುಮಾನ ಹೆಚ್ಚಿತು. ಪಾಸ್‌ಪೋರ್ಟ್ ಅವನ ಕೈಯಲ್ಲೇ ಇತ್ತು.

ವಿಶ್ವಕಪ್ ಭದ್ರತೆಗೆ ಬಂದಿದ್ದ, ಫಿಜಿಯವನೇ ಆದ ಕಾವಲುಗಾರನೊಬ್ಬನನ್ನು ಅಧಿಕಾರಿ ಕರೆಸಿದ. ಅವನು ಇಯರ್‌ಫೋನ್ ಹಾಕಿಕೊಂಡು ಕೇಳುತ್ತಲೇ ಇದ್ದ. ಕೊನೆಗೆ ಅಧಿಕಾರಿಯತ್ತ ತಿರುಗಿದ.

"ನನ್ನ ಕೈ, ನಿನ್ನ ಕೈ ಅಂತಾಳೆ ಸರ್. ಊಟದ ಮೀನು, ಮಾರುವ ಮೀನು. ಅಷ್ಟೇ."

"ಖಲಾಸ್," ಎಂದು ಅಧಿಕಾರಿ ಪಾಸ್‌ಪೋರ್ಟ್ ತಳ್ಳಿದ. "ಯಲ್ಲಾ, ಹೊರಡಿ ಮೇಡಂ."

ರೆಕಾರ್ಡರಿಗೆ ಕೈ ಚಾಚಿದೆ. ಕಾವಲುಗಾರ ಇಯರ್‌ಫೋನ್ ತೆಗೆದಿರಲಿಲ್ಲ. ಅಜ್ಜಿಯ ಮಾತನ್ನು ಅವಳ ಜೊತೆಗೇ ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಬೆಂಗಳೂರಿನ ವಿಮಾನಕ್ಕೆ ಕೊನೆಯ ಕರೆ ಬಂತು. ಚಾಚಿದ ಕೈ ಹಿಂದಕ್ಕೆಳೆದುಕೊಂಡೆ.