ಗೇಟಿನ ವಿಮಾನದಿಂದ ಬಿಚ್ಚಿದ ವಾಲ್ವ್

ಹೈದರಾಬಾದಿನ ನಮ್ಮ ಡಿಫೆನ್ಸ್ ಕಾಲನಿಯ ಗೇಟಿನಲ್ಲಿ ಶೋಗೆ ನಿಲ್ಲಿಸಿರುವ ಹಳೆಯ ಫೈಟರ್ ಜೆಟ್‌ನ ಹೊಟ್ಟೆಯಿಂದ ಇಬ್ಬರು ಟೆಕ್ನಿಷಿಯನ್‌ಗಳು ಏನೋ ಬಿಚ್ಚುತ್ತಿದ್ದರು. ವಾಕಿಂಗ್ ಹೊರಟಿದ್ದ ನಾನು, “ಏನ್ರಿ ಅದು, ಮ್ಯೂಸಿಯಂ ಪೀಸ್!” ಎಂದು ಗದರಿದೆ.

“ಕಳವಲ್ರಿ ಅಜ್ಜಿ. ಈ ವಾಲ್ವ್ ಈಗ ಯಾರೂ ಮಾಡಂಗಿಲ್ಲ. ಹಾರೋ ವಿಮಾನಕ್ಕ ಬೇಕಾಗೈತ್ರಿ,” ಎಂದರು ಅವರಲ್ಲಿ ಹಿರಿಯರು.

ನನ್ನ ಮೊಮ್ಮಗ ಹಾರಿಸುವುದು ಇದೇ ಮಾಡೆಲ್. ಅವರಿಗೂ ಹೇಳಿದೆ.

“ಹಂಗಾದ್ರ ಇನ್ನೊಮ್ಮೆ ಟೆಸ್ಟ್ ಮಾಡಸ್ತೀನ್ರಿ.”

“ಬೇರೆಯವರ ಮೊಮ್ಮಗ ಆದ್ರ ಒಮ್ಮೆ ಸಾಕೇನ್ರಿ?”

ಅವರು ನಕ್ಕುಬಿಟ್ಟರು. “ಯಾರು ಕೂತರೂ ಟೆಸ್ಟ್ ಅಷ್ಟೇ ರೀ. ನಿಮಗ ಸಮಾಧಾನ ಆಗ್ಲಿ ಅಂತ ಅಂದೆ.”

ಈಗ ದಿನಾ ಬೆಳಿಗ್ಗೆ, ಸಿಲ್ಲಿ ಎನಿಸಿದರೂ, ವಾಲ್ವ್ ಬಿಚ್ಚಿದ ಆ ಖಾಲಿ ಜಾಗದ ಕೆಳಗೆ ನಿಂತು ಕಾನ್ವೆಂಟಿನಲ್ಲಿ ಕಲಿತ ಪ್ರೇಯರ್ ಹೇಳುತ್ತೇನೆ. ಮೊಮ್ಮಗ ಫೋನ್ ಮಾಡಿದಾಗ ಮಾತ್ರ ಊಟ ಆಯಿತೇ ಎಂದಷ್ಟೇ ಕೇಳುತ್ತೇನೆ.