ಕ್ಯಾರಿಯರ್ ಮನೆಯ ಹೆಪ್ಸಿ

ಸಾಲ್ಟ್‌ಬೆಕ್ ಹಳ್ಳಿಯಲ್ಲಿ ಥರ್ಲ್‌ಬಿಯವರನ್ನು ಮನೆತನದ ಹೆಸರಿನಿಂದ ಕರೆಯುವವರು ಕಡಿಮೆ. ಕ್ಯಾರಿಯರ್ ಮನೆಯವರು ಎಂದರೆ ಸಾಕಾಗಿತ್ತು. ಸಂತೆಯ ದಿನ ಕುದುರೆಗಾಡಿ ಹೂಡಿ ಪಟ್ಟಣಕ್ಕೆ ಹೋಗಿ, ಊರವರ ಮೊಟ್ಟೆ, ಬೆಣ್ಣೆ ಇಳಿಸಿ, ಬರುವಾಗ ಹೊಲಿಸಿದ ಕೋಟು, ರಿಪೇರಿಯಾದ ಗಡಿಯಾರ, ಕೆಮ್ಮಿನ ಔಷಧಿ, ಒಮ್ಮೊಮ್ಮೆ ಯಾರದೋ ಮನೆಯ ಹೊಸ ಸೊಸೆಯನ್ನೂ ಹೇರಿಕೊಂಡು ಬರುವುದು ಅವರ ಕಸುಬು. ಗಾಡಿಯ ಪಕ್ಕದ ಹಲಗೆಯ ಮೇಲೆ ‘ಥರ್ಲ್‌ಬಿ, ಕ್ಯಾರಿಯರ್’ ಎಂದು ಬಿಳಿ ಬಣ್ಣದಲ್ಲಿ ಬರೆಸಿತ್ತು. ಮಗಳು ಹೆಪ್ಸಿ ಅಕ್ಷರ ಕಲಿತದ್ದೇ ಆ ಹಲಗೆಯ ಮೇಲೆ ಬೆರಳಾಡಿಸಿ.

ಹುಡುಗಿಯಾಗಿದ್ದಾಗ ಅವಳಿಗೊಮ್ಮೆ ವಿಷಮಶೀತ ಜ್ವರ ಬಂದಿತ್ತು. ಕೂದಲೆಲ್ಲ ಉದುರಿ, ಮತ್ತೆ ಗುಂಗುರಾಗಿ ಬೆಳೆಯಿತು. ಆಮೇಲೆ ಒಂದು ದಿನವೂ ಅವಳು ಹಾಸಿಗೆ ಹಿಡಿದವಳಲ್ಲ. ಕೈ ಸದಾ ತಣ್ಣಗಿರುತ್ತಿತ್ತು. ಅಂಥ ಕೈಗೆ ಬೆಣ್ಣೆ ಒಲಿಯುತ್ತದೆ ಎಂದು ಊರಾಚೆಯ ದೊಡ್ಡ ಜಮೀನಿನ ಮನೆಯವರು ಅವಳನ್ನು ಡೈರಿಯ ಕೆಲಸಕ್ಕೆ ಕರೆದುಕೊಂಡರು. ಮದುವೆಯ ಮಾತು ಬಂದು ಹೋಯಿತು, ಅವಳೂ ಅದನ್ನು ಹಿಡಿದು ನಿಲ್ಲಿಸಲಿಲ್ಲ.

ಮೊದಲ ಮಹಾಯುದ್ಧಕ್ಕೆ ಒಂದೆರಡು ವರ್ಷ ಮುಂಚೆ ಆ ಜಮೀನಿನ ಮನೆಯಲ್ಲಿ ಅದೇ ವಿಷಮಶೀತ ಜ್ವರ ಕಾಣಿಸಿಕೊಂಡಿತು. ಹಾಲು ಕರೆಯುವವಳು ಮಲಗಿದಳು, ಗಾಡಿ ಆಳು ಮಲಗಿದ, ಕೊನೆಗೆ ಯಜಮಾನರ ಪುಟ್ಟ ಮಗಳು ನೆಲ್. ಮಗುವಿಗೆ ಮೊದಲಿಂದಲೂ ಬೇರೆ ಯಾರು ತಿನ್ನಿಸಿದರೂ ಬೇಡವಾಗಿತ್ತು. ಜ್ವರಕ್ಕೆ ಮೊದಲೂ, ಮಲಗಿದ ಮೇಲೂ ಹೆಪ್ಸಿಯೇ ಮೊಟ್ಟೆ ಹಾಲಿನ ಕಸ್ಟರ್ಡ್ ಮಾಡಿ ಆರಿಸಿ, ಮಗ್ಗುಲಲ್ಲಿ ಕೂತು ಚಮಚದಲ್ಲಿ ಉಣಿಸುತ್ತಿದ್ದಳು. ನೆಲ್ ಉಳಿಯಲಿಲ್ಲ.

ಜಿಲ್ಲೆಯ ಆರೋಗ್ಯಾಧಿಕಾರಿ ಬಂದು ಬಾವಿ ನೋಡಿದರು, ಚರಂಡಿ ಅಗೆಸಿದರು, ಹಸುಗಳನ್ನೂ ಬಿಡಲಿಲ್ಲ. ಎಲ್ಲವೂ ಶುದ್ಧವೇ. ಕೊನೆಗೆ ಆಳುಕಾಳುಗಳ ಮಲ ಮೂತ್ರ ಸೀಸೆಯಲ್ಲಿ ತುಂಬಿಸಿ ಪರೀಕ್ಷೆಗೆ ಕಳಿಸಿದರು. ಉತ್ತರ ಬಂದ ದಿನ ಹೆಪ್ಸಿ ಬೆಣ್ಣೆಗೆ ಉಪ್ಪು ಸೇರಿಸುತ್ತಿದ್ದಳು. ಅಧಿಕಾರಿ ಬಾಗಿಲಲ್ಲೇ ನಿಂತರು.

“ನೀನು ಕ್ಯಾರಿಯರ್ ಕಣಮ್ಮ.”

“ಅಲ್ಲ ಡಾಕ್ಟ್ರೇ, ಕ್ಯಾರಿಯರ್ ಆಗಿದ್ದೋರು ನಮ್ಮಪ್ಪ. ಈಗ ತಮ್ಮ ಜೇಬಜ್ ನೋಡ್ಕೋತಾನೆ. ನಾನು ಬೆಣ್ಣೆ ಕಡೆಯೋಳು,” ಎಂದಳು ಅವಳು, ನಗುತ್ತ.

ಅವರು ನಗಲಿಲ್ಲ. ಕೆಲವರ ಒಳಗೆ ರೋಗದ ಬೀಜ ಮನೆ ಮಾಡಿಕೊಂಡಿರುತ್ತದೆ, ಅವರಿಗೆ ಏನೂ ಆಗುವುದಿಲ್ಲ, ಮುಟ್ಟಿದ ಅನ್ನದ ಮೂಲಕ ಬೇರೆಯವರಿಗೆ ತಲುಪುತ್ತದೆ, ಅಂಥವರಿಗೆ ವೈದ್ಯರು ಈಗ ಇಟ್ಟಿರುವ ಹೆಸರು ಅದು ಎಂದು ಬಿಡಿಸಿ ಹೇಳಿದರು. ಹೆಪ್ಸಿ ಬೆಣ್ಣೆಯ ಮುದ್ದೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡಳು.

“ಹಾಗಾದ್ರೆ ನೆಲ್‌ಗೆ ನಾನು ತಿನ್ನಿಸಿದ್ದು?”

ಅಧಿಕಾರಿ ಕೈಯಲ್ಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದರು.

ಕೆಲವು ವಾರದ ಮಟ್ಟಿಗೆ ಎಂದು ಅವಳನ್ನು ಕರೆದೊಯ್ದರು. ಅದೊಂದು ಹುಚ್ಚಾಸ್ಪತ್ರೆ. ಅದರ ಹಿತ್ತಲಲ್ಲಿ ಒಂಟಿಯಾಗಿ ನಿಂತ ಇಟ್ಟಿಗೆಯ ಕಟ್ಟಡದಲ್ಲಿ ಅವಳಂಥ ಹೆಂಗಸರನ್ನಿಟ್ಟಿದ್ದರು. ಅವರಿಗೆ ಹುಚ್ಚಿರಲಿಲ್ಲ. ಆದರೆ ಎಲ್ಲರಿಗೂ ಅದೇ ಗೋಡೆ, ಅದೇ ಬೀಗ. ತಟ್ಟೆ ಬೇರೆ, ಬಟ್ಟೆ ಕುದಿಸುವ ಹಂಡೆ ಬೇರೆ. ದಾದಿಯರು ಊಟದ ಟ್ರೇಯನ್ನು ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುತ್ತಿದ್ದರು. ವಾರ ವಾರ ಪರೀಕ್ಷೆ. ಒಮ್ಮೊಮ್ಮೆ ಬೀಜ ಕಾಣುತ್ತಿರಲಿಲ್ಲ. ಆಗ ಹೆಪ್ಸಿ ಪೆಟ್ಟಿಗೆ ಕಟ್ಟಿ ಮಂಚದ ಕೆಳಗಿಟ್ಟು ಕಾಯುತ್ತಿದ್ದಳು. ಮುಂದಿನ ವಾರ ಮತ್ತೆ ಕಾಣಿಸಿಕೊಂಡಿತೆಂದು ಸುದ್ದಿ ಬರುತ್ತಿತ್ತು. ವಾರಗಳು ವರ್ಷಗಳಾದವು. ಪೆಟ್ಟಿಗೆ ಕಟ್ಟುವುದನ್ನು ಅವಳು ಯಾವಾಗ ಬಿಟ್ಟಳೋ ಅವಳಿಗೇ ನೆನಪಿಲ್ಲ.

ಪಕ್ಕದ ಕೋಣೆಯಲ್ಲಿ ಮಿಸ್ ಪಿನಕ್ ಇದ್ದಳು. ದೊಡ್ಡಮನೆಗಳ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಹೋದ ಮನೆಗಳಲ್ಲೆಲ್ಲ ಜ್ವರ ಬಿಟ್ಟು ಬಂದವಳು. ಒಂದು ಮಧ್ಯಾಹ್ನ ಹೆಪ್ಸಿ ಅವಳ ಹತ್ತಿರ ತನ್ನ ದುಃಖ ತೋಡಿಕೊಂಡಳು: ನಮ್ಮಪ್ಪನ ಕಸುಬಿನ ಹೆಸರನ್ನೇ ಕದ್ದು ಈ ಕೊಳಕಿಗೆ ಇಟ್ಟುಬಿಟ್ಟರಲ್ಲ.

ಮಿಸ್ ಪಿನಕ್‌ಗೆ ಪಾಠ ಹೇಳದೆ ಬಾಯಿ ತುರಿಸುತ್ತಿತ್ತು. “ಕದ್ದಿಲ್ಲ ಕಣೆ, ಎರವಲು ತಗೊಂಡಿದ್ದಾರೆ. ಆ ಪದ ಹುಟ್ಟಿದ್ದೇ ಗಾಡಿಯಿಂದ. ರೋಮ್‌ನವರು ಪಕ್ಕದ ಗಾಲ್ ಜನದ ಬಾಯಿಂದ ಕಲಿತ ‘ಕಾರುಸ್’ ಅಂದ್ರೆ ಗಾಡಿ. ಫ್ರೆಂಚರ ಬಾಯಲ್ಲಿ ಅದು ‘ಗಾಡೀಲಿ ಸಾಗಿಸು’ ಅಂತಾಯ್ತು. ಸಮುದ್ರ ದಾಟಿ ನಮ್ಮಲ್ಲಿಗೆ ಬರೋ ಹೊತ್ತಿಗೆ ‘ಕ್ಯಾರಿ’, ಅಂದ್ರೆ ಬರೀ ‘ಹೊರು’. ಮಾಲು ಹೊರೋನು ಕ್ಯಾರಿಯರ್, ಕಾಗದ ಹೊರೋ ಪಾರಿವಾಳ ಕ್ಯಾರಿಯರ್. ಈಗ ನೀನು, ನಾನು.”

ಹೆಪ್ಸಿ, “ಗಾಡಿಯೋನು ಸಂಜೆ ಹೊತ್ತಿಗೆ ಇಳಿಸಿಬಿಡ್ತಾನೆ ಮಿಸ್. ನಾನೆಲ್ಲಿ ಇಳಿಸ್ಲಿ?” ಎಂದಳು.

ಮೊದಮೊದಲು ಜೇಬಜ್ ಬರುತ್ತಿದ್ದ. ಉದ್ದನೆಯ ಮೇಜಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವಳು. ಒಂದು ಸಲ ಬಂದವನು ಕಣ್ಣೆತ್ತಿ ನೋಡಲೇ ಇಲ್ಲ. ಊರಿಗೆಲ್ಲ ಸುದ್ದಿಯಾಗಿತ್ತು. ಗಾಡಿ ಬಂದರೆ ಹೆಂಗಸರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಮ್ಮಾರನ ಹೆಂಡತಿ ಅವನು ತಂದ ಹಿಟ್ಟಿನ ಚೀಲವನ್ನು ಹಂದಿಗೆ ಸುರಿದಿದ್ದಳು. ಹೆಂಡದಂಗಡಿಯಲ್ಲಿ ಯಾರೋ, ‘ಅಕ್ಕನೂ ಕ್ಯಾರಿಯರ್, ತಮ್ಮನೂ ಕ್ಯಾರಿಯರ್, ಯಾರ ಮಾಲು ಜೋರು?’ ಎಂದು ಕಿಚಾಯಿಸಿದ್ದರು.

“ಗಾಡಿ ಹಲಗೆ ಮೇಲಿನ ಆ ಪದ ಅಳಿಸಿಬಿಟ್ಟೆ ಹೆಪ್ಸಿ,” ಎಂದ. “ಈಗ ಬರೀ ಥರ್ಲ್‌ಬಿ ಅಂತಿದೆ.”

“ಅಪ್ಪ ಬರೆಸಿದ್ದು.”

“ಹೊಟ್ಟೆಪಾಡು ನೋಡ್ಬೇಕಲ್ಲ.”

ಅವಳು ಯಾವ ಬಣ್ಣ ಬಳಿದೆ ಎಂದು ಕೇಳಿದಳು. ಹಸಿರು ಎಂದ. ಹಸಿರು ಚೆನ್ನಾಗಿರುತ್ತೆ ಬಿಡು ಎಂದಳು. ಅವನು ಮತ್ತೆ ಬರಲಿಲ್ಲ. ಯುದ್ಧಕ್ಕೆಂದು ಸೈನ್ಯದವರು ಕುದುರೆ ಒಯ್ದರಂತೆ, ಅವನು ಮೋಟಾರು ಓಡಿಸಲು ಕಲಿತನಂತೆ. ಹೀಗೆ ‘ಅಂತೆ’ಗಳು ಮಾತ್ರ ಗೋಡೆ ದಾಟಿ ಬರುತ್ತಿದ್ದವು.

ಬೀಜ ಅಡಗಿರುವುದು ಪಿತ್ತಕೋಶದಲ್ಲಿ, ಅದನ್ನು ಕತ್ತರಿಸಿ ತೆಗೆದರೆ ಹೋದರೂ ಹೋಗಬಹುದು ಎಂದು ಒಬ್ಬ ವೈದ್ಯ ಹೇಳಿದ. ಅದಕ್ಕೊಪ್ಪಿ ಹೋದ ಹೆಂಗಸೊಬ್ಬಳು ತಿರುಗಿ ಬರಲಿಲ್ಲ. ಹೆಪ್ಸಿ ಬೇಡವೆಂದಳು. ಮಿಸ್ ಪಿನಕ್ ಚಳಿಗಾಲದಲ್ಲಿ ತೀರಿಕೊಂಡಾಗ ಶವಪೆಟ್ಟಿಗೆಯ ಹಿಂದೆ ಹೋಗಲು ಬಿಡಲಿಲ್ಲ. ಹೆಪ್ಸಿ ಕಿಟಕಿಯ ಸರಳು ಹಿಡಿದು ನೋಡಿದಳು. ಪಕ್ಕದ ಕೋಣೆಯ ನಿಶ್ಶಬ್ದಕ್ಕೆ ಒಗ್ಗಿಕೊಳ್ಳುವುದು ಬೀಗಕ್ಕೆ ಒಗ್ಗಿದ್ದಕ್ಕಿಂತ ಕಷ್ಟವಾಯಿತು.

ಎರಡನೆಯ ಯುದ್ಧವೂ ಮುಗಿದು ಕೆಲವು ವರ್ಷಗಳಾದ ಮೇಲೆ ಹೊಸ ಔಷಧಿ ಬಂತು. ಬೀಜ ಹೋಯಿತು, ಮತ್ತೆ ಕಾಣಿಸಲಿಲ್ಲ. ನೀವು ಹೋಗಬಹುದು ಎಂದರು. ಎಲ್ಲಿಗೆ ಎಂಬುದು ಅವರ ತಲೆನೋವಾಗಿರಲಿಲ್ಲ. ಜೇಬಜ್ ಸತ್ತಿದ್ದ. ಅವನ ಮಗಳು ಈಡಿ, ಎಂದೂ ನೋಡದ ಸೋದರತ್ತೆಯನ್ನು ಬಸ್ಸಿನಲ್ಲಿ ಮನೆಗೆ ಕರೆತಂದಳು.

ಆ ಮನೆಯಲ್ಲಿ ಯಾವ ಬಾಗಿಲಿಗೂ ಬೀಗವಿರಲಿಲ್ಲ. ಆದರೂ ಹೆಪ್ಸಿ ಕೋಣೆಯಿಂದ ಹೊರಬರುವ ಮೊದಲು ಯಾರಾದರೂ ಕರೆಯಲಿ ಎಂದು ನಿಂತಿರುತ್ತಿದ್ದಳು. ಎಲ್ಲರೂ ಉಂಡೆದ್ದ ಮೇಲೆ ತನ್ನ ಬಟ್ಟಲನ್ನು ತಾನೇ ಕುದಿಯುವ ನೀರಿನಲ್ಲಿ ಅದ್ದುತ್ತಿದ್ದಳು. ಒಂದು ಶನಿವಾರ ಈಡಿ ಹಿಟ್ಟು ಕಲಸಿ ಮೇಜಿನ ಮೇಲಿಟ್ಟು, “ಕೈ ಹಾಕು ಅತ್ತೆ, ನನಗೆ ಸೊಂಟ ನೋವು,” ಎಂದಳು.

ಹೆಪ್ಸಿ ಮೊಣಕೈಯವರೆಗೆ ತೊಳೆದಳು. ಮತ್ತೊಮ್ಮೆ ತೊಳೆದಳು. ಮೇಜಿನ ಹತ್ತಿರ ಬಂದು ನಿಂತಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಈಡಿ ಒತ್ತಾಯಿಸಲಿಲ್ಲ, ತಾನೇ ನಾದತೊಡಗಿದಳು.

“ಅಂಗೈ ಬುಡದಿಂದ ಒತ್ತು,” ಎಂದಳು ಹೆಪ್ಸಿ, ದೂರದಿಂದಲೇ. “ಇನ್ನೂ ಸ್ವಲ್ಪ. ಅದು ಕೈಗೆ ಅಂಟೋದು ಬಿಡೋವರೆಗೂ.”