ಅಟ್ಟದ ಮೇಲೆ ಕಲಿತ ಹೆಣಿಗೆ

ಒದ್ದೆ ಹತ್ತಿ ನೂಲಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಮೊದಲು ಕೇಳಿಸುವುದು ಗೋಡೆ ಕುಸಿದ ಸದ್ದು. ಇಷ್ಟೆಲ್ಲ ಓದಿಕೊಂಡವಳು, ತಿ. ನರಸೀಪುರದ ಈ ತಾರಸಿ ಮನೆಯಲ್ಲಿ ಕೂತು, ತಟ್ಟನೆ ಕಾಲು ಮೇಲಕ್ಕೆಳೆದುಕೊಳ್ಳುತ್ತೇನೆ. ಆ ಸದ್ದಿನ ಹಿಂದೆಯೇ, ನನ್ನನ್ನು ಸಾಕಿದ ದೊಡ್ಡವ್ವನ ಗದರಿಕೆ ಬರುತ್ತದೆ.

ನಂಜನಗೂಡಿನಲ್ಲಿ ಕಪಿಲೆಯ ದಡಕ್ಕಂಟಿಕೊಂಡಿದ್ದ ನಮ್ಮ ಮಣ್ಣುಗೋಡೆಯ ಮನೆಯಲ್ಲಿ ಅವಳದೇ ಮಾತು. ಬದನವಾಳಿನ ಖಾದಿ ಕೇಂದ್ರಕ್ಕೆ ನೂಲಲು ಹೋಗುತ್ತಿದ್ದವಳು, ಮಿಕ್ಕ ದಪ್ಪ ನೂಲಿನಲ್ಲಿ ಕೊಕ್ಕೆಕಡ್ಡಿಯಿಂದ ಮೈ ಉಜ್ಜುವ ಚೌಕ ಬಟ್ಟೆ ಹೆಣೆಯುತ್ತಿದ್ದಳು. ಉಜ್ಜಿಸಿಕೊಂಡ ಬೆನ್ನು ರಾತ್ರಿಯವರೆಗೂ ಬೆಚ್ಚಗಿರುತ್ತಿತ್ತು. ನಾನು ಚಿಕ್ಕವಳಿದ್ದಾಗಿನ ಒಂದು ಮಳೆಗಾಲದಲ್ಲಿ, ನಾವು ರಾಗಿ ಮೂಟೆ ಎತ್ತಿಡುವಷ್ಟರಲ್ಲಿ ಹೊಳೆ ನಡುಮನೆಗೇ ನುಗ್ಗಿತು. ದೊಡ್ಡವ್ವ ನನ್ನನ್ನೂ ತನ್ನ ಮಗ ಮಾದೇವಣ್ಣನನ್ನೂ ಅಟ್ಟ ಹತ್ತಿಸಿ, ತಾನೂ ಹತ್ತಿ ಏಣಿ ಮೇಲಕ್ಕೆಳೆದುಕೊಂಡಳು. ಕೆಳಗೆ ಪಾತ್ರೆಗಳು ತೇಲುತ್ತ ಒಂದಕ್ಕೊಂದು ತಾಗುತ್ತಿದ್ದವು. ನಾನು ಕಿರುಚತೊಡಗಿದೆ. ಅವಳು ಮಡಿಲಿನಿಂದ ನೂಲುಂಡೆ ತೆಗೆದು, ಮೊದಲ ಸಾಲಿನ ಸರಪಳಿ ತಾನೇ ಹಾಕಿ, ಕಡ್ಡಿಯನ್ನು ನನ್ನ ಬೆರಳಿಗೆ ತುರುಕಿದಳು.

"ನೀರ ಯಾಕ್ ನೋಡೀಯೆ? ದಾರ ನೋಡು. ಕುಣಿಕೆ ಒಳಕ್ಕೆ ಕಡ್ಡಿ ಆಕು, ದಾರ ಸುತ್ತು, ಎಳಿ. ಇನ್ನೊಂದ್ಸಲ ಸುತ್ತು, ಎರಡ್ರಿಂದ್ಲೂ ಎಳಿ."

ಸಾಲು ತಿರುಗಿಸುವಾಗಲೆಲ್ಲ ನನ್ನ ಕಣ್ಣು ಕೆಳಗಿನ ನೀರಿಗೇ ಹೋಗಿ ಅಂಚಿನ ಕೊನೆಯ ಕುಣಿಕೆ ಬಿಟ್ಟುಹೋಗುತ್ತಿತ್ತು. ಬಟ್ಟೆ ಸಾಲುಸಾಲಿಗೂ ಕಿರಿದಾಯಿತು.

"ಅವ್ವಾ, ಇದೇನು ಮೈ ಉಜ್ಜೋದಾ, ಸಮೋಸನಾ?" ಹಲ್ಲು ಕಟಕಟ ಎನ್ನುತ್ತಿದ್ದರೂ ಮಾದೇವಣ್ಣ ಛೇಡಿಸಿದ.

"ಬಿಚ್ಚು," ಎಂದಳು ದೊಡ್ಡವ್ವ ನನಗೆ.

"ಮನೆನೇ ಮುಳುಗ್ತಾ ಅದೆ, ಇವ್ಳ ಕೈಲಿ ಬಿಚ್ಚಿಸ್ತೀಯಲ್ಲ!"

"ಮನೆ ಮುಳುಗುದ್ರೆ ಅಂಚು ಸೊಟ್ಟಗಿರ್ಬೇಕೇನ್ಲಾ? ನೀ ಬಿಚ್ಚು ಕಣವ್ವ."

ಬಿಚ್ಚುತ್ತಿದ್ದಾಗಲೇ ಅಡುಗೆಮನೆಯ ಗೋಡೆ ಬಿತ್ತು. ಅಟ್ಟ ನಡುಗಿತು. ನನ್ನ ಮುಂಗೈ ಹಿಡಿದ ಅವಳ ಕೈ ಮಾತ್ರ ಅಲುಗಲಿಲ್ಲ. ಹರಿಗೋಲಿನವರು ಹೆಂಚು ಸರಿಸಿ ನಮ್ಮನ್ನು ಇಳಿಸಿಕೊಳ್ಳುವ ಹೊತ್ತಿಗೆ ಅಂಗೈಯಗಲದ ತುಂಡೊಂದು ಆಗಿತ್ತು, ಅಂಚು ನೆಟ್ಟಗೆ.

ನೀರಿಳಿದಾಗ ಮನೆಯಿದ್ದಲ್ಲಿ ಕೆಸರಿನ ದಿಬ್ಬ. ಹೊಳೆ ಕಡೆ ತಲೆ ಹಾಕಬೇಡಿ ಎಂದರು ನೆಂಟರು. ದೊಡ್ಡವ್ವ ನಮ್ಮಿಬ್ಬರನ್ನೂ ದರದರನೆ ಹೊಳೆಗೇ ಎಳೆದೊಯ್ದು, ಆ ತುಂಡನ್ನು ಅದರಲ್ಲೇ ಅದ್ದಿ, ಕತ್ತು, ಕಿವಿಯ ಸಂದು, ಮೊಣಕಾಲು ಉರಿಯುವಂತೆ ತಿಕ್ಕಿದಳು. "ನೀನೇ ಬಳ್ದಿದ್ದಲ್ವಾ ಕೆಸರ? ನೀನೇ ತೊಳಿ," ಎಂದಳು ಕಪಿಲೆಗೆ.

ಈಗ ದೊಡ್ಡವ್ವ ಇಲ್ಲ. ಆ ದಡದಲ್ಲಿ ನಮ್ಮದೆನ್ನುವ ಒಂದು ಹೆಂಚೂ ಇಲ್ಲ. ಕಪಿಲೆ ಇಲ್ಲಿಗೂ ಬಂದು ಕಾವೇರಿಯನ್ನು ಸೇರುತ್ತಾಳೆ. ನನ್ನ ಹೆದರಿಕೆ ಹೋಗಿಲ್ಲ, ಹೋಗುವುದೂ ಇಲ್ಲ. ಆದರೂ ಸಂಗಮದ ಮೆಟ್ಟಿಲಿಳಿಯುತ್ತೇನೆ, ಮೊಣಕಾಲು ಮುಳುಗುವವರೆಗೆ.